ಮುತಾಂಗನ ಗಾಡಿಯಿಂದ ಇಳಿಸಿದ ಮೂಟೆಗಳು

ನನ್ನ ತಮ್ಮ ಮುತಾಂಗನ ಬಗ್ಗೆ ಊರಲ್ಲಿ ಯಾರನ್ನ ಕೇಳಿದ್ರೂ ಒಂದೇ ಮಾತು ಹೇಳ್ತಾರೆ, ಕೈಯಲ್ಲಿ ವಿದ್ಯೆ ಇತ್ತು, ತಲೆಯಲ್ಲಿ ಬುದ್ಧಿ ಇರಲಿಲ್ಲ ಅಂತ. ವಿದ್ಯೆ ಇದ್ದದ್ದು ನಿಜ. ಬುದ್ಧಿ ಇರಲಿಲ್ಲ ಅನ್ನೋದು ಹಸಿ ಸುಳ್ಳು. ಅದು ಸುಳ್ಳು ಅಂತ ನನ್ನೊಬ್ಬಳಿಗೇ ಗೊತ್ತು ಅಂದುಕೊಂಡು ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಒಬ್ಬಳಿಗೇ ಗೊತ್ತು ಅನ್ನೋದೂ ಸುಳ್ಳಾಯ್ತು. ಇರಲಿ, ಮೊದಲಿಂದ ಹೇಳ್ತೀನಿ.

ನಮ್ಮೂರು ಲಾಂಗ್ ಬೆರಾಯು. ಲಾವಾಸ್ ಪೇಟೆಯಿಂದ ಗುಡ್ಡದ ದಾರಿಯಲ್ಲಿ ಆರು ಗಂಟೆ, ಮಳೆ ಬಂದ್ರೆ ಹತ್ತು ಗಂಟೆ, ದೇವರು ಮುನಿದ್ರೆ ಎರಡು ದಿನ. ದಾರಿ ಮಾಡಿದ್ದು ಮರ ಕಡಿಯೋ ಕಂಪನಿ. ಮರ ಮುಗೀತು, ಕಂಪನಿ ಹೋಯ್ತು, ದಾರಿ ಉಂಡ ಎಲೆ ಥರ ಬಿದ್ದುಕೊಂಡಿತು. ಮುತಾಂಗ್ ಹದಿನಾರನೇ ವಯಸ್ಸಿಗೆ ಆ ಕಂಪನಿಯ ಬಿಡಾರಕ್ಕೆ ಬೆಸುಗೆ ಕೆಲಸ ಕಲಿಯೋಕೆ ಹೋದವನು, ಅವರು ಬಿಡಾರ ಕಿತ್ತಾಗ ವಾಪಸ್ ಬಂದ. ಬರುವಾಗ ಅವರು ಗುಜರಿ ಅಂತ ಬಿಟ್ಟಿದ್ದ ಹಳೇ ಜಪಾನಿ ಪಿಕಪ್ ಒಂದನ್ನ ನಾಲ್ಕು ಎಮ್ಮೆ ಕಟ್ಟಿ ಎಳೆಸಿಕೊಂಡು ಬಂದ. ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹೋಗೋ ಗಾಡಿ, ಸರಿ, ಆದ್ರೆ ಎಂಜಿನ್ನೇ ಉಸಿರಾಡ್ತಿರಲಿಲ್ಲ.

"ಹೆಂಡ್ತಿ ತರೋ ವಯಸ್ಸಲ್ಲಿ ಹೆಣ ತಂದಿದ್ದೀಯಲ್ಲೋ" ಅಂದೆ.

"ಹೆಂಡ್ತಿ ಆದ್ರೆ ಅಕ್ಕಿ ತಿಂತಾಳೆ, ಇದು ಅಕ್ಕಿ ಹೊರುತ್ತೆ" ಅಂದ.

ಮದುವೆ ಆಗಲೇ ಇಲ್ಲ ಅವನು. ನಮ್ಮಲ್ಲಿ ಮಗು ಹುಟ್ಟಿದ ಮೇಲೆ ತಂದೆತಾಯಿಗೆ ಹೊಸ ಹೆಸರು ಬರುತ್ತೆ, ಮೊಮ್ಮಗು ಹುಟ್ಟಿದ ಮೇಲೆ ಇನ್ನೊಂದು. ನನಗೆ ಆಗಲೇ ಎರಡನೇ ಹೆಸರು ನಡೀತಿತ್ತು. ಅವನು ನಲವತ್ತು ದಾಟಿದ್ರೂ ಅಮ್ಮ ತೊಟ್ಟಿಲಲ್ಲಿ ಇಟ್ಟ ಹೆಸರಲ್ಲೇ ಇದ್ದ. ಔತಣದಲ್ಲಿ ಯಾರಾದರೂ ಅದನ್ನ ಎತ್ತಿ ಆಡಿಕೊಂಡ್ರೆ ನಕ್ಕು ಸುಮ್ಮನಾಗ್ತಿದ್ದ. ನನ್ನ ಮಗಳು ರಿನಿಂಗ್ ಒಬ್ಬಳೇ ಅವರ ಮೇಲೆ ರೇಗ್ತಿದ್ದಳು. ಚಿಕ್ಕಂದಿನಿಂದ ಅವಳಿಗೆ ಮಾವ ಅಂದ್ರೆ ಪ್ರಾಣ. ಅವನ ಗಾಡಿ ಕೆಳಗೆ ನುಗ್ಗಿ ಮೈಯೆಲ್ಲ ಎಣ್ಣೆ ಮೆತ್ತಿಕೊಂಡು ಬರೋಳು, ನಾನು ಇಬ್ಬರಿಗೂ ಸೇರಿಸಿ ಬೈಯೋಳು.

ಒಂದೂವರೆ ವರ್ಷ ತಿಣುಕಿ ಗಾಡಿಗೆ ಜೀವ ಕೊಟ್ಟ. ಮೊದಲನೇ ಸುಗ್ಗಿಯಲ್ಲಿ ಊರಿನ ಅಕ್ಕಿ ಹೇರಿಕೊಂಡು ಪೇಟೆಗೆ ಹೊರಟ. ಎರಡನೇ ಹೊಳೆ ದಾಟುವಾಗ ನೀರೊಳಗಿನ ಕಲ್ಲು ಎಂಜಿನ್ನಿನ ಎಣ್ಣೆ ತೊಟ್ಟಿಯನ್ನ ಸೀಳಿಬಿಡ್ತು. ಎಣ್ಣೆ ಹೊಳೆ ಪಾಲು, ಎಂಜಿನ್ ಹಿಡಿದುಕೊಂಡು ನಿಂತಿತು, ಗಾಡಿಯಲ್ಲಿದ್ದ ಹನ್ನೊಂದು ಜನ ಮೂಟೆ ಹೊತ್ತು ನಡೆದುಕೊಂಡು ವಾಪಸ್ ಬಂದ್ರು. ಆ ಹನ್ನೊಂದು ಜನ ಆಡಿದ ಮಾತು ಇಲ್ಲಿ ಹೇಳೋ ಹಾಗಿಲ್ಲ, ನಮ್ಮದು ಚರ್ಚಿಗೆ ಹೋಗೋ ಊರು.

ಇನ್ನೊಬ್ಬನಾಗಿದ್ರೆ ಅಲ್ಲಿಗೇ ಕೈಬಿಡ್ತಿದ್ದ. ಮುತಾಂಗ್ ಗಾಡಿಯನ್ನ ಮತ್ತೆ ಎಮ್ಮೆ ಕಟ್ಟಿ ಎಳೆಸಿ ತಂದು ಎಂಜಿನ್ ಸರಿ ಮಾಡಿದ. ಆಮೇಲೆ ಹಾಳು ಬಿಡಾರಕ್ಕೆ ಹೋಗಿ ಅಲ್ಲಿ ಉಳಿದಿದ್ದ ಡೀಸೆಲ್ ತೊಟ್ಟಿಯನ್ನ ಬಿಚ್ಚಿ, ಅದರ ದಪ್ಪ ತಗಡನ್ನ ಹಾಳೆ ಹಾಳೆಯಾಗಿ ಕತ್ತರಿಸಿ ಬೆನ್ನ ಮೇಲೆ ಹೊತ್ತು ತಂದ. ಗಾಡಿಯ ಹೊಟ್ಟೆಗೆ ಮುಂದಿನಿಂದ ಹಿಂದಿನವರೆಗೂ ಕವಚ ಕಟ್ಟಿದ. ಬೆಸುಗೆ ಹಾಕಲಿಲ್ಲ, ಬೋಲ್ಟಿನಲ್ಲಿ ನೇತುಹಾಕಿದ, ರಿಪೇರಿಗೆ ಬಿಚ್ಚೋಕೆ ಬರಲಿ ಅಂತ. ಕೆಸರು ಇಳಿಯೋಕೆ ತೂತು ಕೊರೆದ. ಎರಡೂ ಪಕ್ಕಕ್ಕೆ, ಬಾಗಿಲ ಕೆಳಗೆ, ದಪ್ಪ ಕೊಳವೆ ಕೂರಿಸಿದ. ಬಂಡೆಗೆ ಒರಗಿದ್ರೂ ಮೈ ತರಚಬಾರದು. ಎಲ್ಲಾ ಮುಗಿದ ಮೇಲೆ ಜನ ಅದಕ್ಕೆ ಆಮೆ ಅಂತ ಹೆಸರಿಟ್ಟರು. ಚರ್ಚಿನ ಹಿರಿಯ ಲಾಬೊ ಬಂದು ಕವಚಕ್ಕೆ ಕಾಲಲ್ಲಿ ಒದ್ದು ನೋಡಿ, "ಏನಪ್ಪಾ, ಯುದ್ಧಕ್ಕೆ ಹೊರಟಿದ್ದೀಯಾ?" ಅಂದ.

"ಹೌದು, ಆ ಹೊಳೆ ಮೇಲೆ" ಅಂದ ನನ್ನ ತಮ್ಮ.

ಇಷ್ಟು ಕಬ್ಬಿಣ ಏರಿದ ಮೇಲೆ ಗಾಡಿ ಕುಸಿದು ಕೂತಿತು. ಮೂಟೆ ಹೇರಿದ್ರೆ ಹಿಂದಿನ ಗಾಲಿ ಮಡ್‌ಗಾರ್ಡಿಗೆ ಉಜ್ಜೋದು. ಅದಕ್ಕೆ ಕಮಾನು ಪಟ್ಟಿಗೆ ಕೈಹಾಕಿದ. ಗಾಡಿಯ ಭಾರವೆಲ್ಲ ಕೂರೋದು ಆ ಬಾಗಿದ ಪಟ್ಟಿಗಳ ಮೇಲೆ ತಾನೇ. ಹಿಂದೆ ಒಂದೊಂದು ಕಡೆ ನಾಲ್ಕು ಪಟ್ಟಿ ಇತ್ತು, ಇವನು ಏಳು ಮಾಡಿದ. ಸತ್ತ ಮರದ ಲಾರಿಯ ಪಟ್ಟಿ ತಂದು, ಕತ್ತರಿಸಿ, ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಕಾಸಿ. ಒಂದು ತಿಂಗಳು ಅವನ ಅಂಗಳದಲ್ಲಿ ಸುಟ್ಟ ಎಣ್ಣೆ ವಾಸನೆ. ಮುಗಿದಾಗ ಗಾಡಿ ಒಂದು ಗೇಣು ಎತ್ತರ ನಿಂತಿತು. ಇಪ್ಪತ್ತು ಮೂಟೆ ಹೇರಿದ್ರೂ ಬೆನ್ನು ಬಗ್ಗಿಸಲಿಲ್ಲ. ಲಾವಾಸಿನ ಮೆಕ್ಯಾನಿಕ್‌ಗಳು ಬಗ್ಗಿ ನೋಡಿ, ಯಾವ ವರ್ಕ್‌ಶಾಪಲ್ಲಿ ಮಾಡಿಸಿದ್ದು ಅಂತ ಕೇಳಿದ್ರಂತೆ.

ಒಂದೇ ಐಬು. ಭಾರ ಇದ್ದಾಗ ಮಾತ್ರ ಅದು ಗಾಡಿ, ಖಾಲಿ ಇದ್ದಾಗ ಕೋಣ. ಪೇಟೆಯಿಂದ ಬರಿದೇ ಬರುವಾಗ ಒಂದೊಂದು ಗುಂಡಿಗೂ ಹಿಂಭಾಗ ಎದ್ದು ಒದೆಯೋದು. ಕೂತವರ ಹಲ್ಲು ಕಡಕಡ ಅನ್ನೋದು. "ಮುತಾಂಗನ ಗಾಡಿ ಹತ್ತೋದಾದ್ರೆ ಅಕ್ಕಿ ಜೊತೆ ಹತ್ತು, ಒಬ್ಬನೇ ಹತ್ತಬೇಡ" ಅಂತ ಮಾತೇ ಹುಟ್ಟಿಕೊಂಡಿತ್ತು. ಅವನೂ ಅದಕ್ಕೆ ಹೊಂದಿಕೊಂಡಿದ್ದ, ಬರುವಾಗ ಸಿಮೆಂಟೋ ಉಪ್ಪೋ ಏನಾದರೂ ಹೇರಿಕೊಂಡೇ ಬರೋನು. ಐದು ಮಳೆಗಾಲ ಆ ಗಾಡಿ ಈ ಊರಿನ ಅಕ್ಕಿಯನ್ನ ಹೊತ್ತಿತು. ಬೇರೆಯವರ ಹೊಸ ಗಾಡಿಗಳು ಹೊಳೆಯಲ್ಲಿ ಹೊಟ್ಟೆ ಹರಿದುಕೊಂಡು ನಿಂತಾಗ ಎಳೆದು ದಡ ಸೇರಿಸಿದ್ದೂ ಅದೇ.

ಈಗ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಕಾಯಿಲೆಯವರನ್ನ ಆಸ್ಪತ್ರೆಗೆ ಕರೆದೊಯ್ಯೋ ಗಾಡಿಯಲ್ಲಿ ಸರಕು ಹೋಗಬಾರದು, ಒಂದು ಕೋಳಿ ಕೂಡ. ಒಬ್ಬರ ಸಂಕಟ, ಇನ್ನೊಬ್ಬರ ವ್ಯಾಪಾರ ಒಂದೇ ಗಾಡಿ ಹತ್ತಬಾರದು ಅಂತ. ನಮ್ಮ ಅಜ್ಜಂದಿರು ದೋಣಿಯಲ್ಲಿ ಹೋಗ್ತಿದ್ದಾಗಿಂದ ನಡೆದು ಬಂದಿದ್ದು. ಒಳ್ಳೇದೇ ಅದು. ಮನುಷ್ಯತ್ವ ಇದ್ದವರು ಮಾಡಿದ್ದು. ದೋಣಿಗೆ ಕಮಾನು ಪಟ್ಟಿ ಇರಲಿಲ್ಲ, ಅಷ್ಟೇ.

ಆ ವರ್ಷ ಜನವರಿಯಲ್ಲಿ ಒಂದು ಬೆಳಗ್ಗೆ ರಿನಿಂಗ್ ಕಣಜದ ಏಣಿಯಿಂದ ಬಿದ್ದಳು. ರಾತ್ರಿಯೆಲ್ಲ ಮಳೆ ಬಿದ್ದು, ಪಾಚಿ ಹಿಡಿದ ಏಣಿಯ ಮರ ಜಾರ್ತಿತ್ತು. ಕೆಳಗಿದ್ದ ಒರಳು ಕಲ್ಲಿನ ಅಂಚು ಸೊಂಟಕ್ಕೆ ಬಡಿಯಿತು. ಅವಳ ಮಗನಿಗೆ ಆಗ ಎರಡು ವರ್ಷ. ಅವಳ ಗಂಡ ಪಾದಾನ್ ಓಡಿ ಬಂದು ಎತ್ತೋಕೆ ಹೋದ, ಅವಳು ಕಿರುಚಿದ್ದು ಕೇಳಿ ಕೈ ಹಿಂದೆಗೆದ. ಕಾಲು ಅಲ್ಲಾಡಿಸೋಕೆ ಆಗ್ತಿರಲಿಲ್ಲ. ಮೋಡ ಗುಡ್ಡದ ನೆತ್ತಿ ಮುಚ್ಚಿತ್ತು, ಹೆಲಿಕಾಪ್ಟರ್ ಇಳಿಯೋ ಮಾತೇ ಇರಲಿಲ್ಲ. ಊರಿನ ಇನ್ನೆರಡು ಗಾಡಿಯವರು ಆಗಲೇ ಪೇಟೆಯಲ್ಲಿದ್ದರು. ಇದ್ದದ್ದು ಮುತಾಂಗನ ಗಾಡಿ, ಅದೂ ಹೊರಡೋಕೆ ಸಿದ್ಧವಾಗಿ, ಹದಿನಾಲ್ಕು ಮೂಟೆ ಅಕ್ಕಿ ಹೇರಿಕೊಂಡು.

ಬಾಗಿಲ ಹಲಗೆಯ ಮೇಲೆ ಅವಳನ್ನ ಮಲಗಿಸಿ ಹೊತ್ತು ತಂದೆವು. ಹೊತ್ತವರು ಗಾಡಿ ಹತ್ತಿರ ನಿಂತು ಮೂಟೆಗೆ ಕೈಹಾಕಿದ್ರು. ಮುತಾಂಗ್ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ, "ಅಕ್ಕಾ, ಮೂಟೆ ಇಳಿಸೋದು ಬೇಡ. ಕೆಳಗೆ ಸಮ ಮಾಡಿ ಹರಡ್ತೀನಿ, ಮೇಲೆ ಹಾಸಿಗೆ ಹಾಕಿ ಮಲಗಿಸೋಣ. ಖಾಲಿ ಇದ್ರೆ ಒದೆಯುತ್ತೆ ಇದು. ನಿಂಗೊತ್ತಲ್ಲ."

ಗೊತ್ತಿತ್ತು. ಆದ್ರೆ ಸುತ್ತ ನಲವತ್ತು ಜನ ನಿಂತಿದ್ರು, ಲಾಬೊ ಪ್ರಾರ್ಥನೆ ಶುರು ಮಾಡಿದ್ದ, ಆ ಹದಿನಾಲ್ಕರಲ್ಲಿ ಒಂಬತ್ತು ಮೂಟೆ ನನ್ನವೇ. ನಾಳೆ ಇವರೆಲ್ಲ ಏನಂತಾರೆ? ಮಗಳು ಸಾಯ್ತಾ ಬಿದ್ದಿದ್ರೂ ಅಕ್ಕಿ ಮಾರೋಕೆ ಹೋದಳು ಅಂತಾರೆ. ನಾನು ಜೋರಾಗಿಯೇ ಅಂದೆ, ಎಲ್ಲರಿಗೂ ಕೇಳಲಿ ಅಂತಲೇ ಅಂದೆ: "ನನ್ನ ಮಗಳೇನು ಮೂಟೆಯೇನೋ, ಮೂಟೆ ಮೇಲೆ ಎಸೆಯೋಕೆ? ಇಳಿಸು."

"ಅಕ್ಕಾ, ಒಂದು ಮಾತು..."

"ಮಕ್ಕಳನ್ನ ಹೆತ್ತಿದ್ರೆ ನಿನಗೆ ಗೊತ್ತಾಗ್ತಿತ್ತು. ಇಳಿಸು."

ಅವನ ಮುಖ ಸಣ್ಣದಾಯ್ತು. ಅಷ್ಟು ವರ್ಷ ಊರೆಲ್ಲ ಆಡಿಕೊಂಡ ಮಾತು ಅದು, ನಾನು ಯಾವತ್ತೂ ಆಡಿರಲಿಲ್ಲ. ಹದಿನಾಲ್ಕೂ ಮೂಟೆ ಇಳೀತು. ಅವನು ಗಾಲಿಗಳ ಗಾಳಿ ಅರ್ಧ ಬಿಟ್ಟ, ಸ್ವಲ್ಪವಾದರೂ ಮೆತ್ತಗಾಗಲಿ ಅಂತ. ಊರಲ್ಲಿದ್ದ ಹಾಸಿಗೆಯೆಲ್ಲ ತರಿಸಿದ. ನಾನೂ ಪಾದಾನೂ ಹಿಂದೆ ಕೂತು ಅವಳನ್ನ ಹಿಡಿದುಕೊಂಡೆವು.

ಮೊದಲನೇ ಗುಂಡಿಯಲ್ಲೇ ಗಾಡಿ ಎದ್ದು ಬಿತ್ತು. ರಿನಿಂಗ್ ನನ್ನ ಕೈ ಕಚ್ಚಿದಳು. ಅವಳು ಕಚ್ಚಿದ್ದು ಒಳ್ಳೇದೇ ಆಯ್ತು, ಕೂಗಿದ್ದನ್ನ ಕೇಳೋಕೆ ಆಗ್ತಿರಲಿಲ್ಲ. ಮುತಾಂಗ್ ಆಮೆಯಂತೆಯೇ ತೆವಳಿಸಿದ, ಆದ್ರೂ ಏಳು ಪಟ್ಟಿ ಕಬ್ಬಿಣ ಯಾರ ಮಾತು ಕೇಳುತ್ತೆ. ಅವಳ ತುಟಿ ಬೆಳ್ಳಗಾಗ್ತಾ ಬಂತು. "ಅಮ್ಮಾ, ಮಾವನಿಗೆ ನಿಧಾನ ಹೋಗು ಅನ್ನು" ಅಂದಳು. ಅವನು ನಡೆದು ಹೋಗೋವರಿಗಿಂತ ನಿಧಾನ ಹೋಗ್ತಿದ್ದ.

ಎರಡನೇ ಹೊಳೆಯ ಹತ್ತಿರ ಗಾಡಿ ನಿಲ್ಲಿಸಿ ಇಳಿದು ಬಂದ. ಕಣ್ಣು ಕೆಂಡ ಆಗಿತ್ತು. "ಅಕ್ಕಾ, ಇಲ್ಲಿ ಹೊಳೆ ಕಲ್ಲು ಬೇಕಾದಷ್ಟಿದೆ. ಅರ್ಧ ಗಂಟೆ ಕೊಡು. ನಾನು, ಪಾದಾನ್ ತುಂಬಿಸಿಬಿಡ್ತೀವಿ. ಭಾರ ಬಿದ್ರೆ ಗಾಡಿ ಸುಮ್ಮನಾಗುತ್ತೆ. ಇನ್ನೂ ನಾಲ್ಕು ಗಂಟೆ ದಾರಿ ಇದೆ."

"ಕಲ್ಲು? ನನ್ನ ಮಗಳನ್ನ ಕಲ್ಲಿನ ಮೇಲೆ ಮಲಗಿಸ್ತೀಯಾ? ಅವಳ ಜೀವ ಹೋಗ್ತಿದೆ, ನೀನು ಕಲ್ಲು ಆರಿಸ್ತೀಯಾ? ನಡಿಯೋ, ಗಾಡಿ ಹತ್ತು."

ಈಗ ಯೋಚಿಸಿದ್ರೆ, ಆಗ ನನಗೆ ಊರಿನವರ ಭಯವೂ ಇರಲಿಲ್ಲ, ಸುತ್ತ ಯಾರೂ ಇರಲಿಲ್ಲ. ಆಡಿದ ಮಾತನ್ನ ಹಿಂದೆ ತಗೋಬೇಕಾಗಿತ್ತಲ್ಲ, ಅದಷ್ಟೇ. ಬೆಳಗ್ಗೆ ಮೂಟೆ ಇಳಿಸು ಅಂದವಳು ಈಗ ಕಲ್ಲು ಹೇರು ಅಂದ್ರೆ ಬೆಳಗ್ಗೆ ಅಂದದ್ದು ತಪ್ಪು ಅಂತಾಯ್ತು. ಹಟ ಅನ್ನೋದು ಎಂಥಾ ಹೊತ್ತಲ್ಲಿ ಬಂದು ಕೂರುತ್ತೆ ನೋಡಿ. ಅವನು ನನ್ನನ್ನ ಒಂದು ಸಲ ನೋಡಿ ಗಾಡಿ ಹತ್ತಿದ.

ಸಂಜೆ ಐದಕ್ಕೆ ಲಾವಾಸಿನ ಆಸ್ಪತ್ರೆ ತಲುಪಿದೆವು. ಅವರು ಮಾಡಬೇಕಾದ್ದೆಲ್ಲ ಮಾಡಿದ್ರು. ರಾತ್ರಿ ಎಂಟರ ಹೊತ್ತಿಗೆ ರಿನಿಂಗ್ ಹೋದಳು. ಸೊಂಟದ ಮೂಳೆ ಮುರಿದು ಒಳಗೇ ರಕ್ತ ಹೋಗಿತ್ತು. ವಯಸ್ಸಾದ ನರ್ಸ್ ಒಬ್ಬಳು, ಬೈಯೋ ದನಿಯಲ್ಲಲ್ಲ, ಸುಮ್ಮನೆ ಕೇಳಿದಳು: "ಯಾವುದರಲ್ಲಿ ಕರ್ಕೊಂಡು ಬಂದ್ರಿ? ಇಂಥವರನ್ನ ಇಷ್ಟು ಕುಲುಕಬಾರದು. ಕುಲುಕಿದಷ್ಟೂ ರಕ್ತ ಹೋಗುತ್ತೆ."

ಮುತಾಂಗ್, "ನನ್ನ ಗಾಡಿಯಲ್ಲಿ. ಪಟ್ಟಿ ಗಟ್ಟಿ ಅದರದ್ದು" ಅಂದ.

ಆ ಒಂದು ಮಾತನ್ನೇ ಊರು ಹಿಡಿದುಕೊಂಡಿತು. ದಫನ್ ಆದ ಮರುವಾರವೇ ಶುರುವಾಯ್ತು. ಮುತಾಂಗನ ಕಬ್ಬಿಣದ ಹುಚ್ಚು ಸೋದರ ಸೊಸೆಯನ್ನ ತಿಂತು. ಗಾಡಿಗೆ ಕವಚ ಮಾಡಿದವನು ಒಳಗೆ ಕೂತವರನ್ನ ಮರೆತ. ಐದು ವರ್ಷ ಅದೇ ಗಾಡಿಯಲ್ಲಿ ಅಕ್ಕಿ ಕಳಿಸಿ ಮನೆಗೆ ತಗಡು ಹೊದಿಸಿಕೊಂಡವರು ಈ ಮಾತಾಡಿದ್ರು. ನನ್ನ ಮುಂದೆ ಬಂದು ಕಣ್ಣೀರು ಒರೆಸಿಕೊಂಡು, "ನಿನ್ನ ತಮ್ಮ ಅಂತ ನಾವು ಏನೂ ಅನ್ನಲ್ಲ, ಆದ್ರೂ..." ಅನ್ನೋರು. ಆ ಆದ್ರೂ ನನಗೆ ಹಿತವಾಗಿತ್ತು. ಹೇಳೋಕೆ ನಾಚಿಕೆ ಆಗುತ್ತೆ, ಹಿತವಾಗಿತ್ತು.

ಲಾಬೊ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸಭೆ ಕರೆದ. ಇನ್ನು ಮುಂದೆ ಕಾಯಿಲೆಯವರನ್ನ ಮುತಾಂಗನ ಗಾಡಿಯಲ್ಲಿ ಕಳಿಸೋದು ಬೇಡ ಅಂತ ತೀರ್ಮಾನ ಆಗಬೇಕಿತ್ತು. "ನಿನ್ನದೇನಾದ್ರೂ ಹೇಳೋದಿದೆಯಾ?" ಅಂತ ಅವನನ್ನ ಕೇಳಿದ. ಮುತಾಂಗ್ ಎದ್ದು ನಿಂತ. ನನ್ನ ಕಡೆ ನೋಡಿದ. ಕೋಪದಿಂದಲ್ಲ, ಕೊಡಲಿ ಎಲ್ಲಿಟ್ಟಿದ್ದೀಯಾ ಅಂತ ಕೇಳೋವಾಗ ನೋಡ್ತಾನಲ್ಲ, ಹಾಗೆ. ನಾನು ಹಾಡಿನ ಪುಸ್ತಕ ಬಿಡಿಸಿ ಓದೋ ಹಾಗೆ ಬಗ್ಗಿದೆ.

"ಏನಿಲ್ಲ. ಗಾಡಿ ಗಟ್ಟಿ, ಹೌದು" ಅಂತ ಕೂತ.

ಕಾಯಿಲೆಯವರನ್ನ ಬೇಡ ಅಂದ ಮೇಲೆ ಆರೋಗ್ಯವಾಗಿರೋರೂ ಹತ್ತೋದು ಬಿಟ್ರು. ಅಕ್ಕಿ ಬೇರೆ ಗಾಡಿಗೆ ಹೋಯ್ತು. ಆ ಗಾಡಿಗಳು ಹೊಳೆಯಲ್ಲಿ ಸಿಕ್ಕಿ ಎರಡೆರಡು ದಿನ ಕೂತ್ರೂ ಸರಿ, ಇವನದು ಬೇಡ. ಒಂದು ದಿನ ಅವನ ಅಂಗಳದಿಂದ ಕತ್ತರಿಸೋ ಸದ್ದು ಬಂತು. ಕವಚ ಬಿಚ್ಚಿ, ಪಟ್ಟಿ ಬಿಚ್ಚಿ, ಗಾಡಿಯನ್ನ ತುಂಡು ಮಾಡಿ ಗುಜರಿಯವನಿಗೆ ಕೊಟ್ಟ. ಲಾವಾಸಿನಲ್ಲಿ ಒಂದು ಗಾಡಿ ರಿಪೇರಿ ಅಂಗಡಿಗೆ ಕೂಲಿ ಹೋದ. ಹೋಗೋ ದಿನ ನನ್ನ ಮನೆಗೆ ಬಂದು, ಎಲೆಯಲ್ಲಿ ಸುತ್ತಿದ ಮೆತ್ತನೆ ಅನ್ನ ಉಂಡು, "ಮಾಡಿನ ತಗಡು ಒಂದು ಕಡೆ ಎದ್ದಿದೆ ಅಕ್ಕಾ, ಮೊಳೆ ಹೊಡೆದಿದ್ದೀನಿ" ಅಂತ ಹೇಳಿ ಹೊರಟ. ಒಂದು ಸಲ ಬೈದಿದ್ರೆ ನಾನು ತಿರುಗಿ ಬೈತಿದ್ದೆ, ಇಬ್ಬರಿಗೂ ಹಗುರ ಆಗ್ತಿತ್ತು. ಬೈಯಲೇ ಇಲ್ಲ ಆ ಮಹಾರಾಯ.

ಮೂರು ವರ್ಷ ಕಳೀತು. ನಿದ್ದೆ ಹಾಳಾಯ್ತು ನಂದು. ಈ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅಳಿಯ ಪಾದಾನ್ ಕಣಜದ ಕೆಳಗೆ ಬಲೆ ಹೆಣೀತಾ ಕೂತಿದ್ದ. ಹೋಗಿ ಎದುರು ಕೂತು ಒಂದೇ ಉಸಿರಿಗೆ ಹೇಳಿಬಿಟ್ಟೆ. ಮೂಟೆ ಇಳಿಸಬೇಡ ಅಂತ ಅವನು ಬೇಡಿಕೊಂಡ, ಇಳಿಸು ಅಂತ ನಾನೇ ಹಟ ಹಿಡಿದೆ, ನಿನ್ನ ಹೆಂಡ್ತಿಯನ್ನ ಕೊಂದವಳು ನಾನು, ಅವನಲ್ಲ ಅಂತ.

ಪಾದಾನ್ ಬಲೆಯಿಂದ ತಲೆ ಎತ್ತಲಿಲ್ಲ. "ಗೊತ್ತು ಅತ್ತೆ" ಅಂದ.

"ಏನು ಗೊತ್ತು?"

"ಮುತಾಂಗ್ ಮಾವ ನಿಮಗೆ ಹೇಳುವಾಗ ನಾನು ಗಾಡಿ ಹಿಂದೆಯೇ ಇದ್ದೆ. ನಾಲ್ಕು ಮೂಟೆ ಇಳಿಸಿದ್ದು ನಾನೇ. ಲಾಬೊ ಪ್ರಾರ್ಥನೆ ನಿಲ್ಲಿಸಿ ಎರಡು ಇಳಿಸಿದ. ಮಿಕ್ಕಿದ್ದು ಊರವರು. ಖಾಲಿ ಗಾಡಿ ಒದೆಯುತ್ತೆ ಅಂತ ಯಾರಿಗೆ ಗೊತ್ತಿರಲಿಲ್ಲ ಹೇಳಿ? ಆ ಗಾದೆ ಕಟ್ಟಿದ್ದೇ ನಾವು."

"ಮತ್ತೆ ಸಭೆಯಲ್ಲಿ ಯಾಕೆ ಸುಮ್ಮನಿದ್ದೆ?"

"ನೀವು ಹೇಳ್ತೀರಿ ಅಂತ ಕಾದೆ. ನೀವು ಪುಸ್ತಕ ಓದ್ತಿದ್ರಿ. ಆಮೇಲೆ ನನಗೂ ಅದೇ ಸಲೀಸಾಯ್ತು." ಬಲೆಯ ಗಂಟು ಹಲ್ಲಲ್ಲಿ ಕಚ್ಚಿ ಬಿಗಿದ. "ಹೊಳೆ ಹತ್ತಿರ ನಾನೂ ಕಲ್ಲು ಎತ್ತೋಕೆ ಇಳೀಬಹುದಿತ್ತು. ಇಳೀಲಿಲ್ಲ."

ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ತು ಅಂತಾರೆ. ಇಲ್ಲಿ ಊರಿಗೆ ಊರೇ ತಿಂದು ಒಬ್ಬನ ಬಾಯಿಗೆ ಒರೆಸಿತ್ತು. ಮೂರು ವರ್ಷ ನಾನೊಬ್ಬಳೇ ಬಚ್ಚಿಟ್ಟುಕೊಂಡಿದ್ದೀನಿ ಅಂತ ನರಳಿದ್ದೆ, ಆ ನಲವತ್ತು ಜನವೂ ಅದನ್ನೇ ಬಚ್ಚಿಟ್ಟಿದ್ರು.

ಮಾರನೇ ದಿನವೇ ಲಾವಾಸಿಗೆ ಹೋದೆ. ಮುತಾಂಗ್ ಯಾರದೋ ಕಾರಿನ ಕೆಳಗೆ ಮಲಗಿದ್ದ. ನನ್ನ ಕಾಲು ನೋಡಿಯೇ ಗುರುತು ಹಿಡಿದು, "ಊಟ ಆಯ್ತಾ ಅಕ್ಕಾ?" ಅಂದ. ಹೊರಗೆ ಬಂದ. ಕೂದಲು ಪೂರಾ ಬೆಳ್ಳಗಾಗಿತ್ತು. ಹೋಟೆಲಲ್ಲಿ ಕೂತು ಹೇಳಿದೆ. ಪಾದಾನ್ ಹೇಳಿದ್ದೂ ಹೇಳಿದೆ. "ಬಾ, ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ನಾನೇ ಎದ್ದು ನಿಂತು ಹೇಳ್ತೀನಿ. ನೀನು ಊರಿಗೆ ಬಾ" ಅಂದೆ.

ಅವನು ಚಹಾದ ಲೋಟ ಪಕ್ಕಕ್ಕಿಟ್ಟ. "ಪಾದಾನನಿಗೆ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು" ಅಂದ. "ಹೇಳಬೇಡ ಅಕ್ಕಾ. ಹೇಳಿದ್ರೆ ಮೂಟೆ ಮುಟ್ಟಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತೆ. ರಿನಿಂಗಳ ಮಗ ದೊಡ್ಡವನಾಗಿ ಅಜ್ಜಿಯನ್ನ, ಅಪ್ಪನನ್ನ ಒಂದೇ ಮನೆಯಲ್ಲಿ ನೋಡಿಕೊಂಡಿರಬೇಕು. ನಾನಾದ್ರೆ ಹೇಗೂ ಇಲ್ಲಿದ್ದೀನಿ. ನನ್ನ ಹಿಂದೆ ಯಾರಿದ್ದಾರೆ, ಹೆಸರು ಕೆಡೋಕೆ?"

"ಹಾಗಂದ್ರೆ ಹೇಗೋ..."

"ಬೇಡ ಅಂದ್ನಲ್ಲ."

ನಾನು ಇನ್ನೂ ಒತ್ತಾಯ ಮಾಡಬೇಕಿತ್ತು. ಕಾಲಿಗೆ ಬಿದ್ದಾದರೂ ಕರೆದುಕೊಂಡು ಬರಬೇಕಿತ್ತು. ಅವನು ಬೇಡ ಅಂದ ಕೂಡಲೇ ನನ್ನ ಎದೆ ಹಗುರಾಯ್ತು, ನಿಜ ಹೇಳ್ತೀನಿ, ಮೂರು ವರ್ಷದಲ್ಲಿ ಮೊದಲನೇ ಸಲ ಹಗುರಾಯ್ತು. ಹಗುರಾದದ್ದು ಅವನಿಗೂ ಕಂಡಿತು. ಎದ್ದು ಕೈ ಒರೆಸಿಕೊಂಡು, ಕಾರಿನವನು ಕಾಯ್ತಿದ್ದಾನೆ ಅಂತ ಹೋದ. ನಾನು ಮಧ್ಯಾಹ್ನದ ಗಾಡಿ ಹತ್ತಿ ವಾಪಸ್ ಬಂದೆ. ಅದಾಗಿ ಏಳು ಭಾನುವಾರ ಕಳೆದಿವೆ, ಚರ್ಚಿನಲ್ಲಿ ನಾನು ಎದ್ದು ನಿಂತಿಲ್ಲ.